ಉಣ್ಣೆ ಹೊದ್ದ ಆನೆ

ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಬೆಂಕಿ ಹಾಕಿದ ಮೇಲೆ ಮನೆಯಲ್ಲಿ ಒಬ್ಬರಾದರೂ ನಿದ್ದೆ ಕೆಡಲೇಬೇಕು. ಸೊಪ್ಪು ಹಳದಿಗೆ ತಿರುಗುವಾಗ ಒಳಗೆ 100 ಡಿಗ್ರಿ ಆಸುಪಾಸು ಇರಬೇಕು, ಎಲೆ ಒಣಗುತ್ತ ಬಂದಂತೆ ಏರಿಸುತ್ತ ಹೋಗಬೇಕು, ಕಡೆಗೆ ನಡುವಿನ ದಂಟು ಒಣಗಬೇಕಾದರೆ 160ರ ಹತ್ತಿರಕ್ಕೆ ಬರಬೇಕು. ಇದೆಲ್ಲ ಹಳೆಯ ಫ್ಯಾರನ್‌ಹೀಟ್ ಲೆಕ್ಕ. ಐದಾರು ದಿನ ಹಗಲೂ ರಾತ್ರಿ ಒಲೆ ಆರಬಾರದು, ಉರಿ ಒಮ್ಮೆಲೇ ಎದ್ದೂ ಬಿಡಬಾರದು. ಮಳೆಗಾಲದ ನಡುವೆ ಹುಣಸೂರು ತಾಲ್ಲೂಕಿನ ನಮ್ಮ ಗಾವಡಗೆರೆಯ ಸುತ್ತಮುತ್ತ ರಾತ್ರಿ ಹೊತ್ತು ಹೊರಟರೆ ಅಲ್ಲೊಂದು ಇಲ್ಲೊಂದು ಕೆಂಪು ಒಲೆಬಾಯಿ, ಅದರ ಮುಂದೆ ಕಂಬಳಿ ಹೊದ್ದು ಕೂತ ಒಂದು ಆಕಾರ ಕಾಣುತ್ತದೆ. ಮುಖಕ್ಕೆ ಬೆಂಕಿ, ಬೆನ್ನಿಗೆ ಕತ್ತಲು. ಹೆದರಿಕೆಯ ಕತೆ ಹೇಳಿದರೆ ಇಲ್ಲಿ ಹೇಳಬೇಕು, ಕೇಳಿದರೆ ಇಲ್ಲಿ ಕೇಳಬೇಕು.

ಕೊಳ್ಳಿದೆವ್ವದ ಕತೆಗಳನ್ನೆಲ್ಲ ನಾನು ಕೇಳಿದ್ದು ಇಂಥ ಒಲೆಯ ಮುಂದೆಯೇ. ಸಿನಿಮಾ ಕತೆಗಳನ್ನೂ ಅಷ್ಟೆ. ಟೂರಿಂಗ್ ಟಾಕೀಸಿಗೆ ಹೋಗಿ ಬಂದವರು ಇಡೀ ಸಿನಿಮಾವನ್ನು ಮೊದಲಿಂದ ಕಡೆಯವರೆಗೆ ಒಪ್ಪಿಸುತ್ತಿದ್ದರು. ಹಾಡು ಬಂದ ಕಡೆ ಹಾಡುತ್ತಿದ್ದರು, ಫೈಟು ಬಂದ ಕಡೆ ಎದ್ದು ನಿಲ್ಲುತ್ತಿದ್ದರು. 1979ರ ‘ನಾ ನಿನ್ನ ಬಿಡಲಾರೆ’ ನನ್ನ ಪಾಲಿಗೆ ಮೊದಲು ಬಂದಿದ್ದು ಕಿವಿಯಿಂದ. ಅನಂತ್‌ನಾಗ್ ಮೈಮೇಲೆ ದೆವ್ವ ಬರುವ ಭಾಗಕ್ಕೆ ಬಂದಾಗ ನಮ್ಮ ಚಿಕ್ಕವ್ವ ದನಿ ಇಳಿಸಿ, ಸೀರೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಒಲೆಯ ಬೆಳಕಿಗೆ ಕಣ್ಣು ಹೊರಳಿಸುತ್ತಿದ್ದರು. ಎಷ್ಟೋ ವರ್ಷದ ಮೇಲೆ ನಿಜವಾದ ಸಿನಿಮಾ ನೋಡಿದೆ. ಒಳ್ಳೆಯ ಸಿನಿಮಾ. ಆದರೆ ಚಿಕ್ಕವ್ವ ಹೆದರಿಸಿದಷ್ಟು ಅದು ಹೆದರಿಸಲಿಲ್ಲ.

ದೆವ್ವದ ಸಿನಿಮಾ ನಮಗೆ ಹೊಸದಲ್ಲ. ಪತ್ತೇದಾರಿ ಸಿನಿಮಾವೂ ಹೊಸದಲ್ಲ, 1968ರ ‘ಜೇಡರ ಬಲೆ’ಯಿಂದಲೇ ರಾಜ್‌ಕುಮಾರ್ ನಮ್ಮ ಕಡೆಯ ಹುಡುಗರ ಕೈಗೆ ಆಟದ ಪಿಸ್ತೂಲು ಕೊಟ್ಟಿದ್ದರು. ಆದರೆ ದೆವ್ವವೂ ಅಲ್ಲದ, ಕೊಲೆಗಾರನೂ ಅಲ್ಲದ, ಭೂಮಿಯ ಮೇಲೆ ಒಂದು ಕಾಲಕ್ಕೆ ನಿಜವಾಗಿ ಓಡಾಡಿಕೊಂಡಿದ್ದ ಪ್ರಾಣಿಯೊಂದು ಮತ್ತೆ ಎದ್ದು ಬಂದರೆ ಏನು ಗತಿ ಅನ್ನುವ ಬಗೆಯ ಹೆದರಿಕೆಯನ್ನು ಬ್ಯಾರನ್ನಿನ ಮುಂದೆ ಯಾರೂ ಹೇಳಿದ್ದಿಲ್ಲ. ಅದನ್ನು ಹೇಳುವ ಸರದಿ ಈ ಸಲ ನನ್ನದಾಯಿತು. ಹೇಳಲಿಲ್ಲ, ಫೋನಿನಲ್ಲಿ ತೋರಿಸಿದೆ. ನೋಡಿದವರು ನಮ್ಮ ದೊಡ್ಡಪ್ಪ.

ಸಿನಿಮಾದ ಹೆಸರು ‘ದಿ ಜಂಗಲ್’. 1952ರದ್ದು, ಬಣ್ಣವಿಲ್ಲದ್ದು, ಒಂದೂಕಾಲು ಗಂಟೆಯದ್ದು. ಅಮೆರಿಕದ ಲಿಪ್ಪರ್ಟ್ ಕಂಪನಿ ಮತ್ತು ಸೇಲಂನ ಮಾಡರ್ನ್ ಥಿಯೇಟರ್ಸ್ ಕೂಡಿ ಮಾಡಿದ್ದು. ಮಾಡರ್ನ್ ಥಿಯೇಟರ್ಸ್‌ನ ಟಿ.ಆರ್. ಸುಂದರಂ ದಕ್ಷಿಣದ ಸಿನಿಮಾದಲ್ಲಿ ದೊಡ್ಡ ಹೆಸರು. ಮಲಯಾಳದ ಮೊದಲ ಮಾತಿನ ಚಿತ್ರ ‘ಬಾಲನ್’ ಹೊರಟಿದ್ದೂ ಅವರ ಸಂಸ್ಥೆಯಿಂದಲೇ, 1938ರಲ್ಲಿ. ‘ದಿ ಜಂಗಲ್’ ನಿರ್ದೇಶಕರು ವಿಲಿಯಂ ಬರ್ಕ್. ರಾಡ್ ಕ್ಯಾಮರಾನ್, ಮೇರಿ ವಿಂಡ್ಸರ್, ಸೀಸರ್ ರೊಮೆರೊ ಅಲ್ಲಿಂದ ಬಂದವರು. ಈ ರೊಮೆರೊ ಮುಂದೆ ‘ಬ್ಯಾಟ್‌ಮ್ಯಾನ್’ ಧಾರಾವಾಹಿಯಲ್ಲಿ ಜೋಕರ್ ಆಗಿ ಲೋಕಕ್ಕೆಲ್ಲ ಗೊತ್ತಾದರು. ನಮ್ಮ ಕಡೆಯಿಂದ ಹಳೆಯ ತಾರೆ ಸುಲೋಚನಾ, ಮತ್ತೆ ಎಂ.ಎನ್. ನಂಬಿಯಾರ್. ನಂಬಿಯಾರ್ ಕಂಡೊಡನೆ ದೊಡ್ಡಪ್ಪ, ‘ಇವ್ನು ಎಂಜಿಆರ್ ತಾವ ಒದೆ ತಿನ್ನೋನಲ್ವಾ?’ ಅಂದರು. ಅವರೇ. ಇದೇ ಚಿತ್ರ ತಮಿಳಿನಲ್ಲಿ ‘ಕಾಡು’ ಅನ್ನುವ ಹೆಸರಿನಲ್ಲೂ ಬಂತು.

ಕತೆ ಹೀಗೆ. ಕಾಡಿನ ಆನೆಗಳು ಇದ್ದಕ್ಕಿದ್ದಂತೆ ಕಂಗೆಟ್ಟು ಹಳ್ಳಿಗಳಿಗೆ ನುಗ್ಗತೊಡಗುತ್ತವೆ. ಯಾಕೆಂದು ಯಾರಿಗೂ ಗೊತ್ತಿಲ್ಲ. ರಾಜಕುಮಾರಿಯೊಬ್ಬಳು ಕಾರಣ ಹುಡುಕಲು ಕಾಡಿಗೆ ಹೊರಡುತ್ತಾಳೆ. ಜೊತೆಗೊಬ್ಬ ಅಮೆರಿಕದ ಬೇಟೆಗಾರ. ಹಿಂದೆ ಇದೇ ಕಾಡಿಗೆ ಹೋದ ತಂಡದಲ್ಲಿ ಬದುಕಿ ಬಂದವನು ಅವನೊಬ್ಬನೇ. ಉಳಿದವರನ್ನು ಮ್ಯಾಮತ್‌ಗಳು ಕೊಂದವು ಅನ್ನುವ ಅವನ ಮಾತನ್ನು ಯಾರೂ ನಂಬುವುದಿಲ್ಲ. ನಡೆಯುತ್ತಾರೆ, ನಡೆಯುತ್ತಾರೆ, ಬಹಳ ಹೊತ್ತು ನಡೆಯುತ್ತಾರೆ. ಹುಲಿ, ಕರಡಿ, ಹಾವು ಎಲ್ಲ ಬಂದು ಹೋಗುತ್ತವೆ. ಕಡೆಗೆ, ಸಿನಿಮಾ ಮುಗಿಯುವ ಹೊತ್ತಿಗೆ, ಆನೆಗಳನ್ನು ಹೆದರಿಸಿದ್ದು ಏನೆಂದು ಕಾಣುತ್ತದೆ. ಬೇಟೆಗಾರ ಹೇಳಿದ್ದು ನಿಜ. ಬೆಟ್ಟದ ಸಂದಿಯಿಂದ ಮೈತುಂಬ ಉಣ್ಣೆಯ ಮ್ಯಾಮತ್‌ಗಳು ಬರುತ್ತವೆ.

ದೊಡ್ಡಪ್ಪ ಫೋನನ್ನು ನನ್ನ ಕೈಯಿಂದ ತಗೊಂಡು ಕಣ್ಣಿನ ಹತ್ತಿರಕ್ಕೆ ಹಿಡಿದುಕೊಂಡರು.

‘ಅದ್ಯಾಕ್ಲಾ ಆನೆಗೆ ಕಂಬ್ಳಿ ಹೊದ್ಸವ್ರೆ?’

‘ಅದು ಆನೆ ಅಲ್ಲ ದೊಡ್ಡಪ್ಪ. ಮ್ಯಾಮತ್ ಅಂತ. ಹಿಮದ ಕಾಲದಲ್ಲಿ ಇತ್ತು.’

‘ಆನೇನೇ ಕಣ್ಲಾ. ನಡ್ಗೆ ನೋಡು. ಮಾವುತ ಅಲ್ಲೇ ಎಲ್ಲೋ ಮರ‍್ಯಾಗೆ ನಿಂತವ್ನೆ. ಪಾಪ, ಬಿಸ್ಲಲ್ಲಿ…’

ಈ ‘ಪಾಪ’ ನನ್ನನ್ನು ಹಿಡಿದುಕೊಂಡುಬಿಟ್ಟಿತು. ಈ ಸಿನಿಮಾವನ್ನು ನಾನು ಮೊದಲೇ ಎರಡು ಸಲ ನೋಡಿದ್ದೆ. ಎರಡು ಸಲವೂ ನೋಡಿದ್ದು ಮ್ಯಾಮತ್ತನ್ನು. ಉಣ್ಣೆಯ ಕೆಳಗೆ ಇದ್ದವರನ್ನು ನೋಡಿರಲಿಲ್ಲ.

ಸಿನಿಮಾದವರು ಆನೆಗೆ ಉಣ್ಣೆ ಹೊದಿಸುವುದು ಇದೇ ಮೊದಲೂ ಅಲ್ಲ, ಕಡೆಯೂ ಅಲ್ಲ. 1940ರ ‘ಒನ್ ಮಿಲಿಯನ್ ಬಿ.ಸಿ.’ಯಲ್ಲಿ ಹೊದಿಸಿದ್ದರು. 1981ರ ‘ಕ್ವೆಸ್ಟ್ ಫಾರ್ ಫೈರ್’ನಲ್ಲೂ ಸರ್ಕಸ್ ಆನೆಗಳೇ ಮ್ಯಾಮತ್ ಆದವು. 1933ರ ‘ಕಿಂಗ್ ಕಾಂಗ್’ ದಾರಿ ಬೇರೆ: ಆ ದೈತ್ಯ ಕಪಿ ನಿಜಕ್ಕೆ ಒಂದೂವರೆ ಅಡಿ ಚಿಲ್ಲರೆಯ ಗೊಂಬೆ, ಮೈಗೆ ಮೊಲದ ತುಪ್ಪಳ. ಒಂದೊಂದು ಫ್ರೇಮಿಗೂ ಗೊಂಬೆಯನ್ನು ಕೈಯಲ್ಲಿ ಸ್ವಲ್ಪ ಸ್ವಲ್ಪ ಅಲುಗಿಸಬೇಕಿತ್ತು. ಹಾಗೆ ಬೆರಳು ತಾಗಿದ ಕಡೆಯೆಲ್ಲ ತುಪ್ಪಳ ಕದಲಿ, ಪರದೆಯ ಮೇಲೆ ಕಾಂಗ್‌ನ ರೋಮ ತಾನಾಗಿ ನಿಮಿರಿದಂತೆ ಕಾಣುತ್ತದೆ. ಆ ಚಿತ್ರವನ್ನು ನೋಡುವಾಗಲೆಲ್ಲ ನನಗೆ ಮೈ ಜುಮ್ಮೆನ್ನುವುದು ಆ ರೋಮ ನೋಡಿಯೇ. ಗೊಂಬೆಗೆ ಸೆಕೆಯಾಗುವುದಿಲ್ಲ. ಆನೆಗೆ ಆಗುತ್ತದೆ. ಆನೆಗೆ ಕಾಲುಗುರಿನ ಆಸುಪಾಸು ಬಿಟ್ಟರೆ ಮೈಗೆ ಬೆವರೇ ಇಲ್ಲ. ಅಷ್ಟು ದೊಡ್ಡ ಮೈಯ ಬಿಸಿಯನ್ನು ಹೊರಗೆ ಹಾಕಲು ಅದಕ್ಕಿರುವ ದೊಡ್ಡ ಉಪಾಯ ಕಿವಿ. ಕಿವಿಯ ತೆಳು ಚರ್ಮದ ಕೆಳಗೆ ರಕ್ತನಾಳಗಳ ಬಲೆ ಹರಡಿದೆ, ಬೀಸಿದಷ್ಟೂ ರಕ್ತ ತಣ್ಣಗಾಗುತ್ತದೆ. ಮ್ಯಾಮತ್‌ಗೆ ಬೇಕಾಗಿದ್ದು ಇದರ ಉಲ್ಟಾ. ಸೈಬೀರಿಯದ ಚಳಿಯಲ್ಲಿ ಬಿಸಿ ಉಳಿಸಿಕೊಳ್ಳಬೇಕಿತ್ತು. ಅದಕ್ಕೇ ಅದರ ಕಿವಿ ಪುಟ್ಟದು, ಮೈಮೇಲೆ ಎರಡು ಪದರ ಕೂದಲು, ಚರ್ಮದ ಕೆಳಗೆ ದಪ್ಪ ಕೊಬ್ಬು. ಹಾಗಾಗಿ ಎಷ್ಟೇ ಉಣ್ಣೆ ಹೊದಿಸಿದರೂ ಮೊರದಗಲದ ಕಿವಿ ಇದು ನಮ್ಮ ಸೀಮೆಯ ಪ್ರಾಣಿಯೆಂದು ಹೇಳಿಬಿಡುತ್ತದೆ.

ಒಂದು ಮಾತನ್ನು ಮಾತ್ರ ಸಿನಿಮಾದವರು ತಮಗೆ ಗೊತ್ತಿಲ್ಲದೆಯೇ ಸರಿಯಾಗಿ ಹಿಡಿದಿದ್ದರು. ಮ್ಯಾಮತ್ ನಮ್ಮ ಏಷ್ಯಾದ ಆನೆಗೆ ತೀರ ಹತ್ತಿರದ ನೆಂಟ. ಆಫ್ರಿಕದ ಆನೆಗಿಂತಲೂ ಹತ್ತಿರ. ಹಿಮದಡಿ ಹೂತು ಉಳಿದಿದ್ದ ಮ್ಯಾಮತ್‌ಗಳ ಡಿಎನ್ಎ ಓದಿದ ಮೇಲೆ ಇದು ಖಚಿತವಾಯಿತು. ಕೊನೆಯ ಮ್ಯಾಮತ್‌ಗಳು ಆರ್ಕ್‌ಟಿಕ್ ಸಾಗರದ ರ‍್ಯಾಂಗಲ್ ದ್ವೀಪದಲ್ಲಿ ಸುಮಾರು 4000 ವರ್ಷದ ಹಿಂದಿನವರೆಗೂ ಬದುಕಿದ್ದವು. ಆ ಹೊತ್ತಿಗೆ ಈಜಿಪ್ಟಿನಲ್ಲಿ ಪಿರಮಿಡ್ಡು ಕಟ್ಟಿ ಆಗಿತ್ತು.

ಇನ್ನು ಸಿನಿಮಾದ ಪ್ರಶ್ನೆ. ಆನೆಗಳು ಊರಿಗೆ ಯಾಕೆ ನುಗ್ಗುತ್ತವೆ? ಅಮೆರಿಕದ ಪ್ರೇಕ್ಷಕರಿಗೆ ಇದೊಂದು ರಹಸ್ಯ. ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣದವರಿಗೆ ದಿನ ಬೆಳಗಾದರೆ ಕೇಳುವ ಸುದ್ದಿ. ಹನಗೋಡು, ವೀರನಹೊಸಹಳ್ಳಿ ಕಡೆಯ ನಮ್ಮ ನೆಂಟರು ರಾಗಿ ತೆನೆಗಟ್ಟಿದ ಮೇಲೆ ಅಟ್ಟಣೆ ಬಿಟ್ಟು ಇಳಿಯುವುದಿಲ್ಲ. ಡಬ್ಬ ಬಡಿಯುತ್ತಾರೆ, ಪಟಾಕಿ ಹೊಡೆಯುತ್ತಾರೆ, ಮೆಣಸಿನಕಾಯಿ ಹೊಗೆ ಹಾಕುತ್ತಾರೆ. ಒಂದು ವರ್ಷ ಹೆದರಿದ ಸದ್ದಿಗೆ ಆನೆ ಮರುವರ್ಷ ತಲೆಯೆತ್ತಿಯೂ ನೋಡುವುದಿಲ್ಲ. ಕಂದಕ ತೋಡಿದರೆ ಅಂಚನ್ನು ಕಾಲಿನಿಂದ ಕೆಡವಿ ದಾರಿ ಮಾಡಿಕೊಳ್ಳುತ್ತದೆ. ಸೋಲಾರ್ ಬೇಲಿಯ ಮೇಲೆ ಒಣಮರ ಬೀಳಿಸಿ ದಾಟುತ್ತದೆ. ಹಳೆಯ ರೈಲು ಕಂಬಿಗಳನ್ನು ನೆಟ್ಟು ಬೇಲಿ ಹಾಕಿದರು. 2018ರ ಡಿಸೆಂಬರಿನಲ್ಲಿ ವೀರನಹೊಸಹಳ್ಳಿ ಕಡೆ ಸಲಗವೊಂದು ಆ ಕಂಬಿಯನ್ನು ಹತ್ತಿ ದಾಟಲು ಹೋಗಿ, ಅದರ ಮೇಲೆಯೇ ಸಿಕ್ಕಿಕೊಂಡು ಸತ್ತಿತು. ಆ ಫೋಟೊ ಪತ್ರಿಕೆಗಳಲ್ಲಿ ಬಂದಿತ್ತು. ಮುಂಗಾಲು ಆಚೆ, ಹಿಂಗಾಲು ಈಚೆ. ಬೆಳೆ ಕಳಕೊಂಡವರೂ ಅವತ್ತು ಆ ಫೋಟೊ ನೋಡಿ ಸುಮ್ಮನಾದರು.

ಕಾರಣ ಕೇಳಿದರೆ ಒಂದೊಂದಾಗಿ ಹೇಳಬಹುದು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಆನೆಗಳು ಬೇಸಗೆಯಲ್ಲಿ ಮೇಯುತ್ತಿದ್ದ ನದೀತೀರದ ಕಾಡು ಮುಳುಗಿತು. ಕಾಡಿನೊಳಗೆ ಬೆಳೆಸಿದ ತೇಗ ಆನೆಯ ಹೊಟ್ಟೆ ತುಂಬಿಸುವುದಿಲ್ಲ. ಲಂಟಾನ ಹಬ್ಬಿದ ಕಡೆ ಹುಲ್ಲು ಹುಟ್ಟುವುದಿಲ್ಲ. ದಿನಕ್ಕೆ ನೂರೈವತ್ತು ಕಿಲೋ ಮೇವು ಬೇಡುವ ಪ್ರಾಣಿಗೆ ಒಂದೇ ಕಡೆ ಒತ್ತಾಗಿ ನಿಂತ ರಾಗಿ ಹೊಲ ಹೇಗೆ ಕಂಡೀತು? ಹಸಿವು ನಿಜ, ರುಚಿಯ ಆಸೆಯೂ ನಿಜ. ಸಿನಿಮಾದಲ್ಲಾದರೆ ಬೆಟ್ಟದ ಸಂದಿಯಿಂದ ಒಂದು ಉಣ್ಣೆಯ ಭೂತ ಹೊರಬಂದು ಎಲ್ಲಕ್ಕೂ ತಾನೇ ಕಾರಣ ಎಂದು ಒಪ್ಪಿಕೊಳ್ಳುತ್ತದೆ. ಅಟ್ಟಣೆಯ ಮೇಲೆ ಕೂತವನಿಗೆ ಅಂಥ ಒಂದೇ ಭೂತ ಎಲ್ಲೂ ಸಿಗುವುದಿಲ್ಲ.

ಆದರೂ ಸಿನಿಮಾ ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿದೆ. ಆನೆಯಿಂದ ನಮಗೇನು ಹೆದರಿಕೆ ಎಂದು ಎಲ್ಲರೂ ಕೇಳುತ್ತಾರೆ. ಆನೆಗೆ ಏನು ಹೆದರಿಕೆ ಎಂದು ಕೇಳಿದ ಸಿನಿಮಾ ಇದೊಂದೇ ನಾನು ನೋಡಿದ್ದು. ಅದಕ್ಕೆ ಉತ್ತರ ಗೊತ್ತಿದ್ದವರು ಒಂದು ಕಾಲಕ್ಕೆ ನಮ್ಮ ಪಕ್ಕದ ಕಾಡಿನಲ್ಲೇ ಇದ್ದರು. ಅವರು ಕಾಡಾನೆಗಳನ್ನು ಹಿಂಡಾಗಿ ಅಟ್ಟಿ ಹಿಡಿಯುತ್ತಿದ್ದ ಕಾಕನಕೋಟೆಯ ಖೆಡ್ಡಾದವರು.

ಖೆಡ್ಡಾದ ಕತೆಗೂ ಒಂದು ಶಾಪದ ಕಲ್ಲಿದೆ. ಮೈಸೂರಿನಲ್ಲಿ ಖೆಡ್ಡಾ ನಡೆಸಿದ ಬ್ರಿಟಿಷ್ ಅಧಿಕಾರಿ ಜಿ.ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆಯುತ್ತಾನೆ: ಹೈದರ್ ಅಲಿ ಕಾಕನಕೋಟೆ ಕಾಡಿನಲ್ಲಿ ಆನೆಹಿಂಡು ಹಿಡಿಯಲು ಹೋಗಿ ಸೋತ, ಇದು ಇನ್ನು ಯಾರಿಂದಲೂ ಆಗದು, ಮಾಡಹೊರಟವರಿಗೆ ಶಾಪ ತಟ್ಟಲಿ ಎಂದು ಅಲ್ಲೇ ಒಂದು ಕಲ್ಲಿನಲ್ಲಿ ಬರೆಸಿಟ್ಟ. ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಕಡೆ ಮೊದಲ ಸಲ ಗೆದ್ದ. ಆಮೇಲೆ ಕಾಕನಕೋಟೆಯೇ ಖೆಡ್ಡಾಕ್ಕೆ ಹೆಸರಾಯಿತು. ಮೈಸೂರಿನ ಮಹಾರಾಜರು ವೈಸರಾಯ್‌ಗಳನ್ನೂ ಪರದೇಶದ ರಾಜಕುಮಾರರನ್ನೂ ಕರೆತಂದು ತೋರಿಸುತ್ತಿದ್ದುದು ಇದನ್ನೇ.

ದೊಡ್ಡಪ್ಪ 1971ರ ಖೆಡ್ಡಾ ನೋಡಿದವರು. ಅದೇ ಕೊನೆಯದು. ಆಗ ಅವರಿಗೆ ಹದಿನಾಲ್ಕು. ಅಪ್ಪನ ಕೈಹಿಡಿದು ಹೋಗಿದ್ದರಂತೆ. ಆ ರಾತ್ರಿ ಸಿನಿಮಾವನ್ನು ಅರ್ಧಕ್ಕೆ ನಿಲ್ಲಿಸಿ ಅವರು ಹೇಳಿದ್ದು ಅದನ್ನೇ.

‘ಆನೆ ಮುಂದಕ್ಕೆ ಯಾರೂ ಹೋಗದಿಲ್ಲ ಕಣ್ಲಾ. ಕಾಣಿಸ್ಕಳದೇ ಇಲ್ಲ. ಸುತ್ತ ಬೆಂಕಿ, ಬಿದಿರು ತಟ್ಟೆ ಸದ್ದು, ತಮ್ಟೆ. ಯಾವ ಕಡೆಯಿಂದ ಬರ್ತದೆ ಅಂತ ಅದ್ಕೆ ಗೊತ್ತಾಗ್ಬಾರ್ದು. ಸದ್ದಿಲ್ದಿರೋ ಕಡೆ ಒಂದೇ ಒಂದು ದಾರಿ ಬಿಡ್ತಾರೆ. ಅಲ್ಲಿಗೇ ಹೋಯ್ತದೆ, ಪಾಪ.’

ಜೇನುಕುರುಬರು, ಬೆಟ್ಟಕುರುಬರು, ಸುತ್ತಲ ಹಳ್ಳಿಗಳ ನೂರಾರು ಜನ ದಿನಗಟ್ಟಲೆ ಕಾಡನ್ನು ಬಳಸಿ ನಿಲ್ಲುತ್ತಿದ್ದರು. ಹಿಂಡನ್ನು ಕಬಿನಿಗೆ ಇಳಿಸಿ, ನದಿ ದಾಟಿಸಿ, ಆಚೆ ದಡದ ದಿಮ್ಮಿಗಳ ದೊಡ್ಡಿಗೆ ನೂಕುವುದು ಅದರ ಮುಖ್ಯ ಘಟ್ಟ. ನೋಡುವವರಿಗೆ ಅಟ್ಟಣೆ ಕಟ್ಟಿರುತ್ತಿದ್ದರು. ದೊಡ್ಡಪ್ಪ ಹೇಳುತ್ತ ಹೋದಂತೆ ನನಗೆ ಕಂಡಿದ್ದು ಸಿನಿಮಾದವರ ಅದೇ ಹಳೆಯ ಸೂತ್ರ: ಹೆದರಿಸುವುದನ್ನು ಕಣ್ಣಿಗೆ ತೋರಿಸಬೇಡ, ಸದ್ದು ಮಾಡು, ಕತ್ತಲಲ್ಲಿ ಸ್ವಲ್ಪವೇ ಬೆಳಕು ಆಡಿಸು. ಬರ್ಕ್ ತನ್ನ ಮ್ಯಾಮತ್ತನ್ನು ಕೊನೆಯವರೆಗೆ ಬಚ್ಚಿಟ್ಟಂತೆ ಖೆಡ್ಡಾದವರು ತಮ್ಮನ್ನೇ ಬಚ್ಚಿಟ್ಟುಕೊಂಡಿದ್ದರು.

ಸದ್ದಿನ ಮಾತು ಬಂತು. 1984ರಲ್ಲಿ ಕೇಟಿ ಪೇನ್ ಎಂಬ ವಿಜ್ಞಾನಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಆನೆಗಳ ಪಕ್ಕ ನಿಂತಿದ್ದಾಗ ಗಾಳಿಯಲ್ಲೊಂದು ಮಿಡಿತ ಅನುಭವಕ್ಕೆ ಬಂತು, ಕಿವಿಗೆ ಮಾತ್ರ ಏನೂ ಕೇಳಲಿಲ್ಲ. ರೆಕಾರ್ಡು ಮಾಡಿ, ವೇಗ ಹೆಚ್ಚಿಸಿ ಕೇಳಿದಾಗ ಆನೆಗಳು ಮನುಷ್ಯನ ಕಿವಿಗೆ ನಿಲುಕದ ತಗ್ಗು ದನಿಯಲ್ಲಿ ಮಾತಾಡಿಕೊಳ್ಳುತ್ತಿದ್ದವು. ಆ ದನಿ ಕಾಡಿನಲ್ಲಿ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಇದನ್ನು ಓದಿದ ಮೇಲೆ ಖೆಡ್ಡಾದ ಆ ರಾತ್ರಿಗಳು ನನಗೆ ಬೇರೆಯೇ ಆಗಿವೆ. ತಮಟೆಯ ಸದ್ದಿನ ಕೆಳಗೆ, ನಮ್ಮವರಿಗೆ ಯಾರಿಗೂ ಕೇಳಿಸದಂತೆ, ಹಿಂಡಿನ ತುಂಬ ಮಾತು ನಡೆದಿತ್ತು.

ಇದೇ ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಮಾವುತನ ಮಗನೊಬ್ಬ ಹುಟ್ಟಿದ. ಅವನೇ ಸಾಬು. ತಂದೆತಾಯಿ ಇಲ್ಲದೆ ಮಹಾರಾಜರ ಆನೆ ಲಾಯದಲ್ಲಿ ಬೆಳೆಯುತ್ತಿದ್ದ ಹುಡುಗನನ್ನು ರಾಬರ್ಟ್ ಫ್ಲಾಹರ್ಟಿಯ ತಂಡ ಕಂಡುಹಿಡಿದು ‘ಎಲಿಫೆಂಟ್ ಬಾಯ್’ ಮಾಡಿತು. 1937ರಲ್ಲಿ ತೆರೆಗೆ ಬಂದ ಆ ಚಿತ್ರದಲ್ಲಿ ಸಾಬುವಿನ ಜೊತೆಗಾರ ಅರಮನೆಯ ಐರಾವತ. ಸಾಬು ಆಮೇಲೆ ಲಂಡನ್ನಿಗೆ ಹೋದ, ಹಾಲಿವುಡ್ಡಿಗೆ ಹೋದ, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಗುಂಡು ಹಾರಿಸಿದ, ಪದಕ ಪಡೆದ. 1956ರ ‘ಜಂಗಲ್ ಹೆಲ್’ ಎಂಬ ಬಡ ಚಿತ್ರದಲ್ಲಿ ಅವನಿರುವ ಕಾಡಿನ ಮೇಲೆ ಹಾರುವ ತಟ್ಟೆಯೂ ಬರುತ್ತದೆ. ಕಾರಾಪುರದ ಹುಡುಗನ ಪಕ್ಕಕ್ಕೆ ವಿಜ್ಞಾನಕತೆ ಬಂದು ನಿಂತಿದ್ದು ಹಾಗೆ. 1963ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಹೃದಯಾಘಾತದಿಂದ ಹೋಗಿಬಿಟ್ಟ. ನಮ್ಮ ಕಡೆಯ ಹೈಸ್ಕೂಲು ಹುಡುಗರಲ್ಲಿ ಹತ್ತು ಜನರನ್ನು ಕೇಳಿ ನೋಡಿದೆ, ಒಬ್ಬರಿಗೂ ಸಾಬು ಗೊತ್ತಿರಲಿಲ್ಲ. ಬೇಜಾರಾಯಿತು.

ದಸರೆಯ ಆನೆ ಅರ್ಜುನ ಮಾತ್ರ ಎಲ್ಲರಿಗೂ ಗೊತ್ತು. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕವನು. ಬಳ್ಳೆ ಶಿಬಿರದಲ್ಲಿ ಇದ್ದವನು. 2012ರಿಂದ 2019ರವರೆಗೆ ಎಂಟು ದಸರೆ, 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತವನು. ಪ್ರತಿ ವರ್ಷ ದಸರೆಗೆ ಆನೆಗಳ ಗಜಪಯಣ ಹೊರಡುವುದು ನಮ್ಮ ತಾಲ್ಲೂಕಿನ ವೀರನಹೊಸಹಳ್ಳಿಯಿಂದಲೇ, ಹಾಗಾಗಿ ಅವನು ನಮಗೆ ಮನೆಯವನಿದ್ದಂತೆ. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿ ಸಲಗದ ಜೊತೆ ಕಾದಾಡಿ ಸತ್ತ. ಅವತ್ತು ನಮ್ಮ ಮನೆಯಲ್ಲಿ ಒಲೆ ಹಚ್ಚಲು ಯಾರಿಗೂ ಮನಸ್ಸಾಗಲಿಲ್ಲ. ಮೊದಲು ಕಾಡಿನಲ್ಲಿ ಹಿಡಿಸಿಕೊಂಡ, ಆಮೇಲೆ ನಮ್ಮ ಪರವಾಗಿ ಹಿಡಿಯಲು ಹೋದ. ಉಣ್ಣೆ ಹೊದಿಸಿದರೆ ಉಣ್ಣೆ, ಚಿನ್ನ ಹೊರಿಸಿದರೆ ಚಿನ್ನ. ಬೆನ್ನಿನ ಮೇಲೆ ಏನಿಟ್ಟರೂ ಹೊತ್ತು ನಡೆಯುವ ಈ ಪ್ರಾಣಿಯ ತಾಳ್ಮೆ ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

ಸಿನಿಮಾ ಮುಗಿದಿತ್ತು. ಬೇಟೆಗಾರನೂ ರಾಜಕುಮಾರಿಯೂ ಬಂಡೆ ಉರುಳಿಸಿ ಮ್ಯಾಮತ್‌ಗಳನ್ನು ಕೊಂದಾಗಿತ್ತು. ದೊಡ್ಡಪ್ಪ ‘ಇನ್ನೊಂದ್ಸಲ ಹಾಕು’ ಅಂದರು. ಮ್ಯಾಮತ್‌ಗಳು ಬರುವ ಜಾಗಕ್ಕೆ ಹಿಂದೆ ಸರಿಸಿ ಕೊಟ್ಟೆ. ಸದ್ದು ತೆಗೆದು ನೋಡಿದರು.

‘ಖೆಡ್ಡಾದಲ್ಲಿ ಒಂದು ಮರಿ ಸಿಕ್ಕಿತ್ತು,’ ಅಂದರು. ‘ತಾಯ್ನ ಕಟ್ಟಿದ್ರು. ಮರೀಗೆ ಹಗ್ಗ ಇಲ್ಲ, ತಾಯ್ ಕಾಲ್ ಸಂದೀಲೇ ಓಡಾಡ್ಕೊಂಡಿತ್ತು. ಒಬ್ಬ ಜೇನುಕುರುಬ ನಂಗೆ ಮುಟ್ಟು ಅಂದ. ಅದ್ರ ಬೆನ್ ಮ್ಯಾಲೆ, ತಲೆ ಮ್ಯಾಲೆ, ಎಲ್ಲಾ ಕೂದ್ಲು ಕಣ್ಲಾ. ಕೆಂಪ್ಗೆ. ತೆಂಗಿನ್ ನಾರು ಇದ್ದಂಗೆ, ಚುಚ್ತದೆ. ದೊಡ್ಡದಾದ್ರೆ ಉದ್ರೋಯ್ತದೆ ಅಂದ ಅವ್ನು.’

2007ರಲ್ಲಿ ಸೈಬೀರಿಯದ ಯಮಾಲ್‌ನಲ್ಲಿ ಸಿಕ್ಕ ತಿಂಗಳ ಕೂಸು ಮ್ಯಾಮತ್ತಿನ ಚಿತ್ರವನ್ನು ಅವರಿಗೆ ತೋರಿಸಿದೆ. ಲ್ಯೂಬಾ ಎಂದು ಅದಕ್ಕೆ ಹೆಸರಿಟ್ಟಿದ್ದಾರೆ. ನಲವತ್ತು ಸಾವಿರ ವರ್ಷಕ್ಕೂ ಹಿಂದಿನದು, ಇನ್ನೂ ನಿದ್ದೆಯಲ್ಲಿರುವಂತೆ ಮುದುಡಿಕೊಂಡಿದೆ. ದೊಡ್ಡಪ್ಪ ಬಹಳ ಹೊತ್ತು ನೋಡಿದರು. ಹೆಬ್ಬೆರಳಿನಿಂದ ಫೋನಿನ ಗಾಜನ್ನು ಒಮ್ಮೆ ಸವರಿದರು. ಚಿತ್ರ ಪಕ್ಕಕ್ಕೆ ಸರಿದು ಬೇರೇನೋ ಬಂತು. ಫೋನನ್ನು ನನ್ನ ಕೈಗಿಟ್ಟು ಎದ್ದು ಬ್ಯಾರನ್ನಿನ ಕಿಂಡಿಯಲ್ಲಿ ಟಾರ್ಚು ಬಿಟ್ಟು ನೋಡಿದರು.

‘ನಾಕ್ ಡಿಗ್ರಿ ಇಳ್ದದೆ. ಸೌದೆ ಕೊಡು.’

ಕೊಟ್ಟೆ.